ಹಣೆಯ ಮೇಲಿನ ಬರಹ



ಅಪರಾಧ ಮಾಡಿದವನಿಗೆ ಶಿಕ್ಷೆಯಾಗಬೇಕೆಂಬ ವಿಷಯದಲ್ಲಿ ಯಾರದೂ ತಕರಾರಿಲ್ಲ. ಕೊಲೆ ಮಾಡಿದವನಿಗೂ ಕೊಳ್ಳೆ ಹೊಡೆದವನಿಗೂ ದಂಡನೆಯ ಭಯವಿಲ್ಲದಿದ್ದರೆ ಊರಿನಲ್ಲಿ ಸಜ್ಜನರು ಬಾಳುವುದು ದುಸ್ತರವಾಗುತ್ತದೆ. ಆದರೆ ಶಿಕ್ಷೆ ಮುಗಿಯುವುದು ಯಾವಾಗ? ನ್ಯಾಯಾಧೀಶರು ಬರೆದ ವರ್ಷಗಳು ತೀರಿದ ದಿನವೇ, ಅಥವಾ ಅವನು ಸತ್ತ ದಿನವೇ? ಈ ಪ್ರಶ್ನೆಯನ್ನು ನಾವು ಕೇಳಿಕೊಳ್ಳುವುದು ಅಪರೂಪ. ಇದನ್ನು ವಿಚಾರ ಮಾಡಲು ಹಿಂದಿನ ಕೆಲವು ಸಂಗತಿಗಳನ್ನು ನೋಡೋಣ.

1800ರಲ್ಲಿ ನಿಜಾಮನು ಆದವಾನಿ, ಬಳ್ಳಾರಿಗಳ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟನು. ಆಮೇಲೆ ಇಲ್ಲಿಯ ಜನ ಮದ್ರಾಸ್ ಪ್ರಾಂತದ ಕಾನೂನಿಗೆ ಒಳಪಟ್ಟರು. ಆ ಕಾನೂನಿನಲ್ಲಿ ಗಲ್ಲಿನ ನಂತರದ ದೊಡ್ಡ ಶಿಕ್ಷೆಯೆಂದರೆ ದ್ವೀಪಾಂತರ. ಕರಿನೀರು ಎಂದರೆ ನಮಗೆಲ್ಲ ಅಂಡಮಾನ್ ನೆನಪಾಗುತ್ತದೆ. ಆದರೆ ಅಲ್ಲಿ ಕೈದಿಗಳ ವಸಾಹತು ಆರಂಭವಾದದ್ದು 1858ರಲ್ಲಿ. ಅದಕ್ಕಿಂತ ಎಷ್ಟೋ ಮೊದಲೇ ನಮ್ಮ ದೇಶದ ಕೈದಿಗಳನ್ನು ಬೆಂಕೂಲೆನ್, ಪೆನಾಂಗ್, ಮಲಾಕ್ಕಾ, ಸಿಂಗಾಪುರಗಳಿಗೆ ಹಡಗಿನಲ್ಲಿ ಸಾಗಿಸುತ್ತಿದ್ದರು. ಸಿಂಗಾಪುರಕ್ಕೆ ಇಂಥವರ ಮೊದಲ ತಂಡ ಬಂದಿಳಿದದ್ದು 1825ರ ಏಪ್ರಿಲ್ 18ರಂದು. ಅವರು ಬೆಂಕೂಲೆನ್‌ನಿಂದ ಬಂದ ಮದ್ರಾಸ್ ಪ್ರಾಂತದ 80 ಕೈದಿಗಳು. ಒಂದು ವಾರದಲ್ಲಿ ಬಂಗಾಳದ 122 ಮಂದಿ ಬಂದರು. 1837ರಲ್ಲಿ ಕೊಡಗು ಮತ್ತು ಸುಳ್ಯದ ಕಡೆ ನಡೆದ ದಂಗೆಯ ಬಳಿಕ ಕನ್ನಡ ಸೀಮೆಯ ಕೆಲವರೂ ಇದೇ ಸಿಂಗಾಪುರವನ್ನು ಕಂಡರು. ದರೋಡೆಕೋರರು, ಕೊಲೆಗಡುಕರು, ದಂಗೆಯೆದ್ದವರು ಎಲ್ಲರೂ ಒಂದೇ ಸಂಕೋಲೆಯಲ್ಲಿದ್ದರು.

ಆ ಕಾಲದಲ್ಲಿ ಜೀವಾವಧಿ ಶಿಕ್ಷೆಯಾದವರ ಹಣೆಯ ಮೇಲೆ ಅವರ ಅಪರಾಧವನ್ನು ದೇಶಭಾಷೆಯ ಅಕ್ಷರಗಳಲ್ಲಿ ಹಚ್ಚೆ ಚುಚ್ಚುತ್ತಿದ್ದರು. ಹಣೆಬರಹ ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಆ ಬಡಪಾಯಿಗಳಿಗೆ ಅದನ್ನು ಬರೆದವರು ಬ್ರಹ್ಮನಲ್ಲ, ಸರಕಾರದ ಆಳುಗಳು. ಅಕ್ಷರ ಕಾಣದಿರಲೆಂದು ಕೈದಿಗಳು ರುಮಾಲನ್ನು ಹುಬ್ಬಿನವರೆಗೂ ಇಳಿಸಿ ಸುತ್ತಿಕೊಳ್ಳುತ್ತಿದ್ದರು. ಈ ಪದ್ಧತಿಯನ್ನು ಕಾನೂನು ನಿಲ್ಲಿಸಿದ್ದು 1849ರಲ್ಲಿ.

ಇಂಥ ಹಣೆಯವರು ಸಿಂಗಾಪುರದಲ್ಲಿ ಮಾಡಿದ ಕೆಲಸವನ್ನು ನೋಡಿರಿ. ಕಾಡು ಕಡಿದು ರಸ್ತೆ ಹಾಕಿದರು. ಇಟ್ಟಿಗೆ ಸುಟ್ಟರು, ಕಲ್ಲು ಒಡೆದರು. 1856ರಿಂದ 1861ರವರೆಗೆ ಅಲ್ಲಿಯ ಸಂತ ಆಂಡ್ರೂ ಇಗರ್ಜಿಯನ್ನು ಕಟ್ಟಿದವರು ಇವರೇ. ಸುಣ್ಣಕ್ಕೆ ಮೊಟ್ಟೆಯ ಬಿಳಿಭಾಗವನ್ನೂ ಬೆಲ್ಲವನ್ನೂ ಕೂಡಿಸಿ, ತೆಂಗಿನ ನಾರು ನೆನೆಸಿದ ನೀರಿನಲ್ಲಿ ಕಲಸಿದ ಮದ್ರಾಸಿನ ಗಾರೆಯಿಂದ ಅದರ ಗೋಡೆಗಳನ್ನು ಕನ್ನಡಿಯಂತೆ ಮಾಡಿದರು. ಇಂದು ಸಿಂಗಾಪುರದ ರಾಷ್ಟ್ರಾಧ್ಯಕ್ಷರ ಭವನವಾಗಿರುವ ಇಸ್ತಾನವೂ 1867ರಿಂದ 1869ರ ನಡುವೆ ಕೈದಿಗಳ ಕೈಯಿಂದಲೇ ಎದ್ದಿತು.

ಇದಕ್ಕಿಂತ ಮಿಗಿಲಾದ ಸಂಗತಿ ಇನ್ನೊಂದಿದೆ. ಅಲ್ಲಿ ಕೈದಿಗಳನ್ನು ಕಾಯುತ್ತಿದ್ದವರೂ ಕೈದಿಗಳೇ. ನಡತೆ ನೋಡಿ ಅವರನ್ನು ವರ್ಗಗಳಾಗಿ ಮಾಡಿದ್ದರು. ಹೊಸದಾಗಿ ಬಂದವನಿಗೆ ಸಂಕೋಲೆ ಮತ್ತು ಕಠಿಣ ಕೆಲಸ. ವರ್ಷಗಳು ಕಳೆದಂತೆ ನಂಬಿಕೆ ಉಳಿಸಿಕೊಂಡವನಿಗೆ ಕಾವಲಿನ ಅಧಿಕಾರ. ಕೊನೆಗೆ ಹೊರಗೆ ಮನೆ ಮಾಡಿಕೊಂಡು ದುಡಿದುಣ್ಣುವ ರಹದಾರಿ. ಹಾಗೆ ಹೊರಬಂದವರು ದನ ಸಾಕಿದರು, ಬಂಡಿ ಹೊಡೆದರು, ಸಂಸಾರಸ್ಥರಾದರು. ಕಂಪನಿಯವರು ಇದನ್ನು ಕೇವಲ ಧರ್ಮಬುದ್ಧಿಯಿಂದ ಮಾಡಲಿಲ್ಲ. ಅವರಿಗೆ ಅಗ್ಗದ ಆಳುಗಳು ಬೇಕಾಗಿದ್ದರು. ಆದರೂ ಒಂದು ಮಾತು ಸಿದ್ಧವಾಯಿತು. ಮನುಷ್ಯನ ಮುಂದೆ ಏರಲು ಒಂದು ಮೆಟ್ಟಿಲಿಟ್ಟರೆ, ಕೊಲೆಗಡುಕನೆನಿಸಿಕೊಂಡವನೂ ಅದನ್ನು ಹತ್ತುತ್ತಾನೆ. 1873ರಲ್ಲಿ ಆ ಬಂದೀಖಾನೆ ಮುಚ್ಚಿದಾಗ ಎಷ್ಟೋ ಮಂದಿ ಊರಿಗೆ ಮರಳದೆ ಅಲ್ಲಿಯೇ ನೆಲೆನಿಂತರು.

ಮೆಟ್ಟಿಲು ಇಲ್ಲದಿದ್ದರೆ ಏನಾಗುತ್ತದೆ? ಇಂಗ್ಲಿಷರು ತಮ್ಮ ನೆರೆಯ ಐರ್ಲೆಂಡಿನ ಬಡವರನ್ನೂ ಹೀಗೆಯೇ ಆಸ್ಟ್ರೇಲಿಯಾ ಕಡೆಗೆ ಸಾಗಿಸುತ್ತಿದ್ದರು. ಜಾನ್ ಕೆಲ್ಲಿ ಎಂಬವನಿಗೆ ಎರಡು ಹಂದಿ ಕದ್ದ ತಪ್ಪಿಗೆ 1841ರಲ್ಲಿ 7 ವರ್ಷಗಳ ದ್ವೀಪಾಂತರವಾಯಿತು. ಅವಧಿ ಮುಗಿಸಿ 1848ರಲ್ಲಿ ಅವನು ಬಿಡುಗಡೆ ಹೊಂದಿದನು, ಮದುವೆಯಾದನು, ಬೇಸಾಯಕ್ಕೆ ನಿಂತನು. ಬಡತನ ಬಿಡಲಿಲ್ಲ, ಪೊಲೀಸರ ಕಣ್ಣೂ ತಪ್ಪಲಿಲ್ಲ. 1865ರಲ್ಲಿ ಒಂದು ದನದ ಚರ್ಮದ ವಿಷಯಕ್ಕೆ ಮತ್ತೆ ಜೈಲು ಕಂಡನು, ಮರುವರ್ಷ ತೀರಿಕೊಂಡನು. ಅವನ ಮಗ ನೆಡ್ ಕೆಲ್ಲಿ ಎಳೆಯ ವಯಸ್ಸಿನಲ್ಲೇ ಪೊಲೀಸರ ಕೈಗೆ ಸಿಕ್ಕು, ಮುಂದೆ ಪೊಲೀಸರನ್ನೇ ಕೊಂದು, 1880ರಲ್ಲಿ ಗಲ್ಲಿಗೇರಿದನು. ಮಗನ ತಪ್ಪು ಮಗನದೇ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಕೈದಿಯ ಮಗನೆಂಬ ಕಣ್ಣಿನಿಂದಲೇ ನೋಡಿಸಿಕೊಂಡು ಬೆಳೆದ ಹುಡುಗನಿಗೆ ಬೇರೆ ದಾರಿ ಎಷ್ಟು ಕಿರಿದಾಗಿತ್ತೆಂಬುದನ್ನೂ ಯೋಚಿಸಬೇಕು.

ದೂರದ ಮಾತೇಕೆ? ಮೊದಲು ನಮ್ಮ ಜಿಲ್ಲೆಯಲ್ಲಿದ್ದು 2022ರಿಂದ ನಂದ್ಯಾಲ ಜಿಲ್ಲೆಗೆ ಸೇರಿದ ಕೋಯಿಲಕುಂಟ್ಲದಲ್ಲಿ ಉಯ್ಯಾಲವಾಡ ನರಸಿಂಹಾರೆಡ್ಡಿಯನ್ನು 1847ರ ಫೆಬ್ರವರಿ 22ರಂದು ಗಲ್ಲಿಗೇರಿಸಿದರು. ಅಷ್ಟಕ್ಕೇ ಸರಕಾರದ ಸಿಟ್ಟು ಇಳಿಯಲಿಲ್ಲ. ಅವನ ತಲೆಯನ್ನು ಕೋಟೆಯಲ್ಲಿ ತೂಗುಹಾಕಿ 1877ರವರೆಗೆ, ಅಂದರೆ 30 ವರ್ಷ, ಹಾಗೆಯೇ ಬಿಟ್ಟರು. ಸತ್ತವನಿಗೆ ಅದರಿಂದ ಏನಾಗಬೇಕಿತ್ತು? ಅದು ಬದುಕಿದ್ದ ಅವನ ಮನೆಯವರಿಗೂ ಊರಿನವರಿಗೂ ಕೊಟ್ಟ ಶಿಕ್ಷೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇನ್ನೂ ಮುಂದೆ ಹೋಯಿತು. 1911ರಲ್ಲಿ ಮದ್ರಾಸ್ ಪ್ರಾಂತಕ್ಕೂ ಬಂದ ಈ ಕಾಯಿದೆಯ ಪಟ್ಟಿಗೆ ಸೇರಿದ ಜಾತಿಯಲ್ಲಿ ಹುಟ್ಟಿದ ಕೂಸು ಯಾವ ತಪ್ಪನ್ನೂ ಮಾಡುವ ಮೊದಲೇ ಕಳ್ಳನೆನಿಸಿಕೊಂಡಿತು. 1952ರಲ್ಲಿ ಸ್ವತಂತ್ರ ಭಾರತ ಆ ಕಾಯಿದೆಯನ್ನು ಕಿತ್ತುಹಾಕಿತು. ಆದರೆ ಕೊರಚರನ್ನು ಕಂಡೊಡನೆ ಬಾಗಿಲಿಗೆ ಚಿಲಕ ಹಾಕುವ ಮನಸ್ಸುಗಳನ್ನು ಯಾವ ಕಾಯಿದೆ ತಿದ್ದೀತು?

ದ್ವೀಪಾಂತರ ಶಿಕ್ಷೆಯನ್ನೂ 1955ರಲ್ಲಿ ನಮ್ಮ ದಂಡಸಂಹಿತೆಯಿಂದ ತೆಗೆದುಹಾಕಿದರು. ಆದರೂ ನಾವು ನಮ್ಮ ಊರುಗಳಲ್ಲಿ ಅದನ್ನು ನಡೆಸಿಕೊಂಡೇ ಬಂದಿದ್ದೇವೆ. ಫ್ಯಾಕ್ಷನ್ ಜಗಳಗಳಲ್ಲಿ ಸಿಕ್ಕು ಜೈಲು ಸೇರಿದ ಎಷ್ಟೋ ಮಂದಿ ಈ ಸೀಮೆಯವರು. ಹತ್ತು ಹನ್ನೆರಡು ವರ್ಷಗಳ ಮೇಲೆ ಅಂಥವನೊಬ್ಬ ಊರಿಗೆ ಬಂದರೆ ಅವನಿಗೆ ಕೂಲಿಗೆ ಕರೆಯಿಲ್ಲ, ಬಾಡಿಗೆಗೆ ಮನೆಯಿಲ್ಲ, ಅವನ ಮಗಳನ್ನು ಕೇಳಿಕೊಂಡು ಬರುವವರಿಲ್ಲ. ಅವನನ್ನು ಕೈಹಿಡಿದು ಕರೆಯುವವರು ಒಬ್ಬರೇ: ಹಿಂದೆ ಅವನ ಕೈಗೆ ಕತ್ತಿ ಕೊಟ್ಟ ಗುಂಪಿನವರು. ಸಜ್ಜನರು ಮುಚ್ಚಿದ ಬಾಗಿಲನ್ನು ದುರ್ಜನರು ತೆರೆಯುತ್ತಾರೆ.

ಸತ್ತವನ ಮನೆಯವರ ಕಣ್ಣೀರಿಗೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ಕ್ಷಮಿಸುವುದು, ಬಿಡುವುದು ಅವರಿಗೆ ಬಿಟ್ಟ ಮಾತು. ಅವರನ್ನು ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ. ಆದರೆ ಅವರ ಹೆಸರು ಹೇಳಿಕೊಂಡು ಹೊಸ ಶಿಕ್ಷೆ ವಿಧಿಸುವ ಹಕ್ಕು ಉಳಿದ ನಮಗೆ ಎಲ್ಲಿಂದ ಬಂತು? ನ್ಯಾಯಾಧೀಶರಾದರೂ ಸಾಕ್ಷಿ ಕೇಳಿ, ಇಷ್ಟು ವರ್ಷ ಎಂದು ಎಣಿಸಿ ಬರೆಯುತ್ತಾರೆ. ಊರಿನ ಬಾಯಿ ವಿಧಿಸುವ ಶಿಕ್ಷೆಗೆ ಸಾಕ್ಷಿಯೂ ಇಲ್ಲ, ವಾಯಿದೆಯೂ ಇಲ್ಲ.

ಆದಕಾರಣ ನಾವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಸಜೆ ಮುಗಿಸಿ ಬಂದವನನ್ನು ಹೊಲದ ಕೆಲಸಕ್ಕೆ ಕರೆಯಿರಿ. ಅವನ ಮಕ್ಕಳನ್ನು ಅವರವರ ಹೆಸರಿನಿಂದ ಕೂಗಿರಿ. ಪಂಕ್ತಿಯಲ್ಲಿ ಅವನಿಗೊಂದು ಎಲೆ ಹಾಕಿರಿ. ಸರಕಾರ 1849ರಲ್ಲಿಯೇ ನಿಲ್ಲಿಸಿದ ಹಚ್ಚೆಯನ್ನು ನಾವು ಇಂದು ನಾಲಗೆಯಿಂದ ಚುಚ್ಚುವುದು ಬೇಡ.