ನಾಳೆ ಬಾ ಅಂದರೆ ನಾಳೆಯೇ ಬರುವವರು

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಕೆಲವು ಬೀದಿಗಳಲ್ಲಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿದ್ದರು. ರಾತ್ರಿ ಕದ ತಟ್ಟುವ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ ಎಂಬ ನಂಬಿಕೆ. ಸೇಲ್ಸ್‌ಮನ್ ದೆವ್ವಕ್ಕಿಂತ ಗಟ್ಟಿ ಜೀವ. ಅವನಿಗೂ ಹೇಳುವುದು ಅದೇ ಎರಡು ಮಾತು. ಮರುದಿನ ಹತ್ತು ಗಂಟೆಗೆ ಅವನು ಹಾಜರ್.

*

ಮೂವತ್ತೊಂದು ವರ್ಷ ಚಹಾಪುಡಿ ಮಾರಿದೆ. ಹುಬ್ಬಳ್ಳಿಯಿಂದ ಗದಗ, ಅಲ್ಲಿಂದ ರೋಣ, ಗಜೇಂದ್ರಗಡ, ಇನ್ನೊಂದು ಬದಿಗೆ ಲಕ್ಷ್ಮೇಶ್ವರ, ಶಿರಹಟ್ಟಿ. ನಮ್ಮ ಭಾಷೆಯಲ್ಲಿ ಇದಕ್ಕೆ ‘ಲೈನು’ ಅನ್ನುತ್ತೇವೆ. ಆ ಲೈನಿನ ಯಾವ ಅಂಗಡಿಯ ಮೆಟ್ಟಿಲು ಒಡೆದಿತ್ತು, ಯಾವ ಅಂಗಡಿಯ ಗಲ್ಲಾಪೆಟ್ಟಿಗೆ ಕಿರುಗುಟ್ಟುತ್ತಿತ್ತು ಎಂದು ಈಗಲೂ ಹೇಳಬಲ್ಲೆ. ಮನೆಯ ಗ್ಯಾಸ್ ಪುಸ್ತಕ ಎಲ್ಲಿದೆ ಎಂದು ಮಾತ್ರ ಕೇಳಬೇಡಿ.

*

ಹೆಣ್ಣು ನೋಡಲು ಹೋದಾಗ ನನ್ನ ಸೋದರಮಾವ “ಹುಡುಗ ಕಂಪನಿಯಲ್ಲಿದ್ದಾನೆ” ಎಂದು ಗಟ್ಟಿಯಾಗಿ ಹೇಳಿದರು. “ಯಾವ ಸೆಕ್ಷನ್?” ಎಂಬ ಪ್ರಶ್ನೆ ಬಂದಾಗ ಅವರ ದನಿ ಅರ್ಧಕ್ಕೆ ಇಳಿಯಿತು. “ಸೇಲ್ಸು.” ಆ ಇಳಿದ ದನಿಯನ್ನು ಮೇಲೇರಿಸಲು ನನಗೆ ಹದಿನೈದು ವರ್ಷ ಹಿಡಿಯಿತು.

*

ಇಲ್ಲ ಎನ್ನುವುದರಲ್ಲಿ ಬಗೆಗಳಿವೆ. ‘ಮಾಲು ಐತಿ’ ಅಂದರೆ ಮುಂದಿನ ವಾರ ಬಾ ಎಂದರ್ಥ. ‘ನೋಡೋಣ್ರಿ’ ಅಂದರೆ ಮುಂದಿನ ತಿಂಗಳು. ‘ಚಾ ಕುಡೀರಿ’ ಅಂದರೆ ಈ ಜನ್ಮದಲ್ಲಿ ಆರ್ಡರ್ ಇಲ್ಲ, ಸಂಬಂಧಕ್ಕೆ ಮಾತ್ರ ಅಡ್ಡಿಯಿಲ್ಲ.

*

ಬೋಣಿಯಾಗುವ ಮೊದಲು ಬಾಕಿ ಕೇಳಬಾರದು. ದಿನದ ಮೊದಲ ನೋಟನ್ನು ಅಂಗಡಿಯವನು ಕಣ್ಣಿಗೊತ್ತಿಕೊಂಡು ಪೆಟ್ಟಿಗೆಗೆ ಹಾಕುವ ತನಕ ಹೊರಗೆ ನಿಂತಿರಬೇಕು. ಇದನ್ನು ಯಾವ ತರಬೇತಿಯಲ್ಲೂ ಕಲಿಸಲಿಲ್ಲ. ಗದಗಿನ ಮುದುಕರೊಬ್ಬರು ಬೈದು ಕಲಿಸಿದರು. ಇಂಗ್ಲಿಷಿನಲ್ಲಿ ಮೂರು ದಿನ ನಡೆದ ಶಿಬಿರಕ್ಕಿಂತ ಆ ಒಂದು ಬೈಗುಳ ಹೆಚ್ಚು ಸಂಪಾದಿಸಿಕೊಟ್ಟಿದೆ.

*

ನಮ್ಮಲ್ಲಿ ವ್ಯಾಪಾರವನ್ನು ದ್ರೋಹಚಿಂತನೆ ಎಂದು ಕರೆದ ನಾಣ್ಣುಡಿಯೊಂದಿದೆ. ಹನ್ನೆರಡನೆಯ ಶತಮಾನದ ಶರಣರು ಅದಕ್ಕೆ ಕಿವಿಗೊಟ್ಟಂತಿಲ್ಲ. ನುಲಿಯ ಚಂದಯ್ಯ ಹುಲ್ಲು ಹೊಸೆದು ಹಗ್ಗ ಮಾಡಿ ಮಾರಿದ, ಮೋಳಿಗೆಯ ಮಾರಯ್ಯ ಕಟ್ಟಿಗೆಯ ಹೊರೆ ಮಾರಿದ. ಹಗ್ಗ ಹೊಸೆಯುವ ತನಕ ಕಾಯಕ, ಮಾರುವಾಗ ಮಾತ್ರ ಲೌಕಿಕ ಎಂದು ಗೆರೆ ಎಳೆದವರು ಅವರಲ್ಲ. ದಾಸೋಹದ ಅಕ್ಕಿ ಬಂದದ್ದು ಮಾರಿದ ಹಗ್ಗದಿಂದ.

*

ಹಾವೇರಿ ಸೀಮೆಯ ಗಳಗನಾಥರನ್ನು ಕನ್ನಡ ಕಾದಂಬರಿಯ ಹಿರಿಯರೆಂದು ಓದಿಕೊಂಡಿದ್ದೇವೆ. ಬರೆದದ್ದನ್ನು ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರೂ ಅವರೇ. ಸಾಹಿತ್ಯ ಚರಿತ್ರೆ ಇದನ್ನು ಅನುಕಂಪದಿಂದ ಹೇಳುತ್ತದೆ, ಅಯ್ಯೋ ಅಂಥವರು ಹೀಗೆ ಅಲೆಯಬೇಕಾಯಿತಲ್ಲ ಎಂದು. ನನಗೆ ಹಾಗನ್ನಿಸುವುದಿಲ್ಲ. ಓದುಗನ ಕೈಗೆ ಪುಸ್ತಕ ಕೊಟ್ಟು, ಅವನು ಪುಟ ತಿರುವುವುದನ್ನು ಎದುರು ನಿಂತು ನೋಡಿದ ಲೇಖಕರು ಎಷ್ಟು ಜನ? ಅವರ ಕಾಲು ನೊಂದಿರಬಹುದು. ಓದುವವರು ಯಾರೆಂಬ ಅನುಮಾನ ಮಾತ್ರ ಅವರಿಗೆ ಇದ್ದಿರಲಾರದು.

*

ಚಹಾ ಮಾರುವವನಿಗೆ ಮೊದಲು ನೀರು ಗೊತ್ತಿರಬೇಕು. ಗಡಸು ನೀರಿನಲ್ಲಿ ಒಳ್ಳೆಯ ಎಲೆಚಹಾ ಕೂಡ ಮಂಕಾಗುತ್ತದೆ, ಮೇಲೆ ತೆಳ್ಳನೆ ಪೊರೆ ಕಟ್ಟುತ್ತದೆ. ಕಂಪನಿಗಳು ಸೀಮೆಯ ನೀರಿಗೆ ತಕ್ಕಂತೆ ಮಿಶ್ರಣ ಬದಲಿಸುವುದು ಅದಕ್ಕೇ. ಹೊಸದರಲ್ಲಿ ನನಗೆ ಇದು ಗೊತ್ತಿರಲಿಲ್ಲ. ರೋಣದ ಹೋಟೆಲಿನಾತ ಒಂದು ಲೋಟ ಕುದಿಸಿಕೊಟ್ಟು, “ನೀವೇ ಕುಡೀರಿ” ಅಂದ. ಕುಡಿದೆ. ಅಂದಿನಿಂದ ಚೀಲದಲ್ಲಿ ಸಣ್ಣ ಪಾತ್ರೆ ಇಟ್ಟುಕೊಂಡು, ಆಯಾ ಊರಿನ ನೀರಿನಲ್ಲಿ ಕುದಿಸಿ, ಮೊದಲ ಗುಟುಕು ನಾನೇ ಕುಡಿದು ಮಾತು ಶುರು ಮಾಡುತ್ತಿದ್ದೆ. ಭಾಷಣ ಅರ್ಧ ಕಡಿಮೆಯಾಯಿತು. ಆರ್ಡರು ಹೆಚ್ಚಿತು. ಅಸಿಡಿಟಿಯೂ ಹೆಚ್ಚಿತು, ಅದನ್ನು ಮುಚ್ಚಿಡಬಾರದು.

*

ಮಾತುಗಾರ ಒಳ್ಳೆಯ ಮಾರಾಟಗಾರನಾಗುತ್ತಾನೆ ಎಂದು ನಂಬಿದವರು ಮಾರಾಟ ಮಾಡಿದವರಲ್ಲ. ನಮ್ಮ ವಿಭಾಗದಲ್ಲಿ ಎಲ್ಲರಿಗಿಂತ ಹೆಚ್ಚು ಮಾರುತ್ತಿದ್ದವನಿಗೆ ಸ್ವಲ್ಪ ಉಗ್ಗು ಇತ್ತು. ಅವನ ಮಾತು ಮುಗಿಯಲೆಂದು ಕಾಯುತ್ತ ಗಿರಾಕಿಗಳು ತಮ್ಮ ಕಷ್ಟವನ್ನೆಲ್ಲ ತಾವೇ ಹೇಳಿಬಿಡುತ್ತಿದ್ದರು.

*

ಬಳೆಗಾರನಿಗಿದ್ದ ಮರ್ಯಾದೆ ಇನ್ನಾವ ವ್ಯಾಪಾರಿಗೂ ಸಿಗಲಿಲ್ಲ. ಪರಗಂಡಸಿನ ನೆರಳೂ ಬೀಳದ ಅಂಗಳಕ್ಕೆ ಅವನು ಮಲಾರ ಹೊತ್ತು ಬರುತ್ತಿದ್ದ, ಹೆಣ್ಣುಮಕ್ಕಳ ಕೈ ಹಿಡಿದು, ನೋಯದಂತೆ ಗಾಜು ಏರಿಸುತ್ತಿದ್ದ. ತವರಿನ ಸುದ್ದಿ ಅತ್ತೆಮನೆಗೆ, ಅತ್ತೆಮನೆಯ ಕಣ್ಣೀರು ತವರಿಗೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ 1942ರದ್ದು. ಅದರ ಬಳೆಗಾರ ಚೆನ್ನಯ್ಯ ಇಂದಿಗೂ ಕನ್ನಡಿಗರ ಬಾಯಲ್ಲಿದ್ದಾನೆ. ಒಂದು ನಾಡು ಒಬ್ಬ ಸೇಲ್ಸ್‌ಮನ್‌ನನ್ನು ಇಷ್ಟು ವರ್ಷ ಹಾಡಿಕೊಂಡಿದೆ ಎಂಬುದನ್ನು ನನ್ನ ಸೋದರಮಾವನಿಗೆ ಯಾರಾದರೂ ಹೇಳಬೇಕಿತ್ತು.

*

1949ರಲ್ಲಿ ರಂಗಕ್ಕೆ ಬಂದ ಆರ್ಥರ್ ಮಿಲ್ಲರ್‌ನ ಸೇಲ್ಸ್‌ಮನ್ನಿನ ನಾಟಕವನ್ನು ಓದಿದವರು ನಮ್ಮನ್ನು ಕಂಡರೆ ಮರುಗುತ್ತಾರೆ. ಅದರ ನಾಯಕ ವಿಲ್ಲಿ ಲೋಮನ್ನನ ಚೀಲದಲ್ಲಿ ಏನಿತ್ತು ಎಂದು ಮಿಲ್ಲರ್ ಕೊನೆಯವರೆಗೂ ಹೇಳುವುದಿಲ್ಲ. ವಿಮರ್ಶಕರು ಅದಕ್ಕೆ ದೊಡ್ಡ ಅರ್ಥ ಕೊಡುತ್ತಾರೆ. ಚಹಾಪುಡಿಯವನ ಅರ್ಥ ಸಣ್ಣದು: ಚೀಲದಲ್ಲಿ ಏನಿದೆ ಎಂದು ಹೇಳಲು ಬಾರದವನು ತನ್ನನ್ನೇ ಮಾರತೊಡಗುತ್ತಾನೆ. ಆ ಸ್ಟಾಕು ಬೇಗ ಮುಗಿಯುತ್ತದೆ.

*

ಮಾರ್ಚ್ ಮೂವತ್ತೊಂದರ ಬಗ್ಗೆ ಹೇಳದೆ ಈ ಕೆಲಸದ ಹೆಮ್ಮೆ ಹೇಳುವುದು ಸುಳ್ಳಾಗುತ್ತದೆ. ಟಾರ್ಗೆಟ್‌ಗೆ ಹನ್ನೆರಡು ಚೀಲ ಕಡಿಮೆ. ಮ್ಯಾನೇಜರ್ ಗಂಟೆಗೊಮ್ಮೆ ಫೋನ್. ಲಕ್ಷ್ಮೇಶ್ವರ ಲೈನಿನ ಒಬ್ಬ ಸಣ್ಣ ಅಂಗಡಿಯವನಿಗೆ, ಮೂರು ತಿಂಗಳಲ್ಲೂ ಖರ್ಚಾಗದಷ್ಟು ಮಾಲನ್ನು ‘ಸ್ಕೀಮ್ ಐತಿ, ಮತ್ತ ಸಿಗೂದಿಲ್ಲ’ ಎಂದು ಇಳಿಸಿದೆ. ಟಾರ್ಗೆಟ್ ಮುಟ್ಟಿತು, ಇನ್ಸೆಂಟಿವ್ ಬಂತು, ಪ್ರೆಶರ್ ಕುಕ್ಕರ್ ಕೊಂಡೆವು. ಮಳೆಗಾಲದಲ್ಲಿ ಅವನ ಚಹಾಪುಡಿ ತೇವ ಹಿಡಿದು ಗಟ್ಟಿಯಾಯಿತು. ಕಂಪನಿ ವಾಪಸು ತೆಗೆದುಕೊಳ್ಳಲಿಲ್ಲ. ಅವನು ಜಗಳವಾಡಲಿಲ್ಲ, ಬೈಯಲೂ ಇಲ್ಲ. ನಾನೇ ಎರಡು ವರ್ಷ ಆ ಬೀದಿಯನ್ನು ಬಿಟ್ಟು ಹಿಂದಿನ ಓಣಿಯಿಂದ ಸುತ್ತಿ ಹೋಗುತ್ತಿದ್ದೆ. ಕುಕ್ಕರ್ ಸೀಟಿ ಹೊಡೆದಾಗಲೆಲ್ಲ ಆ ಓಣಿ ನೆನಪಾಗುತ್ತಿತ್ತು.

*

ಆಮೇಲೆ ನಾನು ಇಟ್ಟುಕೊಂಡ ಅಳತೆ ಒಂದೇ. ಇಂದು ಮಾರಿದ ಬೀದಿಗೆ ಮುಂದಿನ ವಾರ ತಲೆಯೆತ್ತಿಕೊಂಡು ಹೋಗಬಲ್ಲೆನೇ? ಕಂಪನಿಯ ಯಾವ ರಿಪೋರ್ಟಿನಲ್ಲೂ ಇದಕ್ಕೆ ಕಾಲಂ ಇರಲಿಲ್ಲ.

*

ಉಡುಪಿಯಲ್ಲಿ 1925ರಲ್ಲಿ ಶುರುವಾದ ಬ್ಯಾಂಕು, ಮುಂದೆ ಸಿಂಡಿಕೇಟ್ ಎಂದು ಹೆಸರಾದದ್ದು, 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಡಾ. ಟಿ.ಎಂ.ಎ. ಪೈ ಮತ್ತು ಸಂಗಡಿಗರ ಲೆಕ್ಕ ಸರಳ: ಬಡವ ಬ್ಯಾಂಕಿಗೆ ಬರಲಾರ, ಬ್ಯಾಂಕೇ ಅವನ ಬಾಗಿಲಿಗೆ ಹೋಗಲಿ, ದಿನಕ್ಕೆ ಎರಡಾಣೆಯಾದರೂ ಸರಿ. ಆ ಎರಡಾಣೆಗಾಗಿ ದಿನಾ ಮೆಟ್ಟಿಲು ಹತ್ತಿದ ಏಜೆಂಟ್ ಮಾರಿದ್ದು ಏನನ್ನು? ತೂಗಲು, ಮೂಸಲು, ಕುಡಿಯಲು ಏನೂ ಇಲ್ಲ. ನಾಳೆ ಎಂಬುದೊಂದಿದೆ ಎಂಬ ನಂಬಿಕೆಯನ್ನಷ್ಟೇ ಮಾರಿದ. 2020ರಲ್ಲಿ ಆ ಬ್ಯಾಂಕು ಕೆನರಾದಲ್ಲಿ ಸೇರಿಹೋಯಿತು. ಪಿಗ್ಮಿ ಎಂಬ ಪದ ಮಾತ್ರ ನಮ್ಮ ಪೇಟೆಗಳಲ್ಲಿ ಇನ್ನೂ ಓಡಾಡಿಕೊಂಡಿದೆ. “ಪಿಗ್ಮಿಯವನು ಬಂದ” ಅಂದರೆ ಸಂಜೆಯಾಯಿತು ಎಂದರ್ಥವಾಗುವ ಬೀದಿಗಳಿವೆ.

*

ಎಲ್‌ಐಸಿ ಏಜೆಂಟ್ ಬಂದರೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುವುದು ಒಂದು ಕಾಲದಲ್ಲಿ ಕನ್ನಡ ನಗೆಬರಹಗಳ ಖಾಯಂ ದೃಶ್ಯ. ನಾನೂ ನಕ್ಕವನೇ. ಓಣಿಯ ಲಾರಿ ಡ್ರೈವರ್ ಅಪಘಾತದಲ್ಲಿ ಹೋದಾಗ ಅವನ ಹೆಂಡತಿಗೆ ಅರ್ಜಿ ತುಂಬಿಸಿ, ಸಹಿ ಹಾಕಿಸಿ, ಚೆಕ್ ತಂದುಕೊಟ್ಟವನು ಅದೇ ಏಜೆಂಟ್. ಅವನ ಕಸುಬಿನಲ್ಲಿ ಇನ್ನೊಂದು ವಿಚಿತ್ರವಿದೆ: ಅವನು ತೀರಿಕೊಂಡ ಮೇಲೂ, ನಿಯಮದಂತೆ, ಹಿಂದೆ ಮಾಡಿಸಿದ ಪಾಲಿಸಿಗಳ ಕಮಿಷನ್ ವಾರಸುದಾರರಿಗೆ ಬರುತ್ತದೆ. ಸತ್ತ ಮೇಲೂ ದುಡಿಯುವುದು ಸಾಹಿತಿಗಳ ರಾಯಲ್ಟಿ ಒಂದೇ ಅಂದುಕೊಂಡಿದ್ದೆ. ಏಜೆಂಟರ ಮನೆಯವರ ಪಾಡು ವಾಸಿ ಎಂದು ಕಾಣುತ್ತದೆ.

*

ಸೀರೆ ಅಂಗಡಿಯಲ್ಲಿ ನಲವತ್ತು ಸೀರೆ ಬಿಚ್ಚಿಸಿ, “ಇನ್ನೊಮ್ಮೆ ಬರ್ತೀವಿ” ಎಂದು ಎದ್ದು ಹೋದವರ ಹಿಂದೆ ಆ ನಲವತ್ತನ್ನೂ ಮಡಿಚುವವನ ಮುಖ ನೋಡಿದ್ದೀರಾ? ಚಿಕ್ಕಪೇಟೆಯಲ್ಲಿ ಒಮ್ಮೆ ಕುಳಿತು ನೋಡಿದೆ. ಸೆರಗನ್ನು ತನ್ನ ಹೆಗಲ ಮೇಲೆ ಹೊದ್ದು ತೋರಿಸುವಾಗ ನಾಚದವನು, ಮಡಿಚುವಾಗ ಬೇಸರವನ್ನೂ ತೋರಿಸಲಿಲ್ಲ. ಮಡಿಕೆ ಹಳೆಯ ಮಡಿಕೆಗೇ ಕೂತಿತು. ಕೊಂಡವರಿಗಾಗಿ ಬಿಚ್ಚುವುದನ್ನು ಯಾರಾದರೂ ಮಾಡುತ್ತಾರೆ.

*

ಅಂಗಡಿಗಳಲ್ಲಿ ದಿನವಿಡೀ ನಿಂತೇ ಇರುವವರಿಗೆ ಒಂದು ಕುರ್ಚಿ ಕೊಡಿ ಎಂದು ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಬೇಕಾಯಿತು. ಔಷಧ ಪ್ರತಿನಿಧಿಗಳಂಥವರಿಗೆ ನೇಮಕಾತಿ ಪತ್ರ ಮತ್ತು ರಜೆಯ ಹಕ್ಕು ಕೊಟ್ಟ ಕೇಂದ್ರದ ಕಾಯ್ದೆ 1976ರದ್ದು. ವೃತ್ತಿಯ ಹೆಮ್ಮೆಯನ್ನು ಗೋಡೆಯ ಮೇಲೆ ಬರೆಸುವ ಮಾಲೀಕರು ಅದರ ಕೆಳಗೆ ಸ್ಟೂಲ್ ಇಟ್ಟಿದ್ದಾರೋ ನೋಡಿಕೊಳ್ಳಲಿ.

*

ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರಕ್ಕೆ ಹಿಂದೆ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ನಡೆಸಿದ್ದರಂತೆ. ರಾಜರ ಸರ್ಕಾರದ ಸೋಪು, ನಮ್ಮ ಕಾಡಿನ ಗಂಧ, ಮಾರಲು ಅಷ್ಟು ದೂರದ ಮರಳೂರಿನ ಒಂಟೆ. ನನ್ನ ಆಸಕ್ತಿ ಒಂಟೆಗಳನ್ನು ಬಾಡಿಗೆಗೆ ಗೊತ್ತುಮಾಡಿದವನಲ್ಲಿ. ಬಾಡಿಗೆಯ ಚೌಕಾಸಿ ಯಾವ ಭಾಷೆಯಲ್ಲಿ ಮಾಡಿದ? ಖರ್ಚಿನ ಬಿಲ್ಲಿಗೆ ‘ಒಂಟೆ’ ಎಂದು ಬರೆದಾಗ ಇಲ್ಲಿ ಸಹಿ ಹಾಕಿದ ಗುಮಾಸ್ತನ ಮುಖ ಹೇಗಿತ್ತು? ನನ್ನ ಹದಿನೆಂಟು ರೂಪಾಯಿಯ ಟಾಂಗಾ ಬಿಲ್ಲನ್ನು ಮೂರು ಸಲ ವಾಪಸು ಕಳಿಸಿದ್ದರು.

*

ಪಗಾರ ತಿಂಗಳಿಗೊಮ್ಮೆ ಬರುತ್ತದೆ. ಆದರೆ ಇಂದು ನಾನು ಎಷ್ಟು ದುಡಿದೆ ಎಂದು ರಾತ್ರಿ ಊಟದ ಹೊತ್ತಿಗೆ ಅಂಕಿಯಲ್ಲಿ ಹೇಳಬಲ್ಲ ನೌಕರರು ಕಡಿಮೆ. ಆರ್ಡರ್ ಪುಸ್ತಕದ ಕಾರ್ಬನ್ ಪ್ರತಿ ಸುಳ್ಳು ಹೇಳುವುದಿಲ್ಲ. ಕೆಲವು ರಾತ್ರಿ ಅದು ಖಾಲಿಯೇ ಇರುತ್ತಿತ್ತು.

*

ಗಜೇಂದ್ರಗಡದ ಕಿರಾಣಿಯವರೊಬ್ಬರು ಮೂರು ವರ್ಷ ಒಂದು ಪೊಟ್ಟಣ ಕೂಡ ಕೊಳ್ಳಲಿಲ್ಲ. ಪ್ರತಿ ಗುರುವಾರ ಹೋಗುತ್ತಿದ್ದೆ, ಚಹಾ ಕುಡಿಸುತ್ತಿದ್ದರು, ಅದೂ ಬೇರೆ ಕಂಪನಿಯದು. ನಾಲ್ಕನೆಯ ವರ್ಷ ಜ್ವರದಿಂದ ಎರಡು ಗುರುವಾರ ತಪ್ಪಿಸಿದೆ. ಮೂರನೆಯ ಗುರುವಾರ ಹೋದಾಗ ತಕ್ಕಡಿ ಕೆಳಗಿಟ್ಟು, “ಯಾಕ್ರೀ, ಆರಾಮ ಇರಲಿಲ್ಲೇನು?” ಅಂದರು. ಆಮೇಲೆ ಬಾಯಲ್ಲೇ ಆರ್ಡರ್ ಹೇಳಿದರು, ನಾನು ಕೇಳುವ ಮೊದಲೇ. ಬರೆದುಕೊಳ್ಳಲು ಪೆನ್ನು ಸಿಗದೆ ಅವರದನ್ನೇ ಇಸಿದುಕೊಂಡೆ.

*

ಈಗ ಅಂಗಡಿಯವನು ಮೊಬೈಲಿನಲ್ಲೇ ಆರ್ಡರ್ ಹಾಕುತ್ತಾನೆ. ಬೆಳಿಗ್ಗೆ ಒತ್ತಿದರೆ ಮರುದಿನ ಮಾಲು. ಒಳ್ಳೆಯದೇ ಆಯಿತು, ಬಿಸಿಲಲ್ಲಿ ಅಲೆಯುವುದು ತಪ್ಪಿತು. ಜ್ವರ ಬಂದವರ ಲೆಕ್ಕ ಇಡುವ ಗುಂಡಿಯನ್ನು ಅದರಲ್ಲಿ ಎಲ್ಲಿಟ್ಟಿದ್ದಾರೋ, ಮೊಮ್ಮಗನನ್ನು ಕೇಳಬೇಕು.

*

ನಿವೃತ್ತನಾಗಿ ಆರು ವರ್ಷ. ಹೆಂಡತಿಯೊಂದಿಗೆ ಸಾಮಾನು ತರಲು ಹೋದಾಗ ನಮ್ಮ ಚಹಾಪುಡಿ ಕಪಾಟಿನಲ್ಲಿ ಹಿಂದೆ ಸರಿದಿದ್ದರೆ, ಯಾರೂ ನೋಡದಂತೆ ಮುಂದಕ್ಕೆ ಎಳೆದು, ಹೆಸರು ಎದುರಿಗೆ ಕಾಣುವಂತೆ ತಿರುಗಿಸಿ ಇಡುತ್ತೇನೆ. ಕಂಪನಿ ಬೇರೆಯವರಿಗೆ ಮಾರಿಹೋಗಿ ನಾಲ್ಕು ವರ್ಷವಾಯಿತು ಎಂದು ಅವಳು ಪ್ರತಿ ಸಲ ನೆನಪಿಸುತ್ತಾಳೆ. ನಾನು ಪಕ್ಕದ ಪೊಟ್ಟಣವನ್ನೂ ತಿರುಗಿಸುತ್ತೇನೆ.