ಉಣಿಸುವ ಕೈಯೂ ಮೂಗಿನ ಕೊಳವೆಯೂ

(ಓದತಕ್ಕ ಭಾಗ: 2 ಸಮುವೇಲ 19: 31–39)



ದಾವೀದನು ಮಗನಾದ ಅಬ್ಷಾಲೋಮನಿಗೆ ಹೆದರಿ ಮಹನಯಿಮಿಗೆ ಓಡಿಬಂದಾಗ ಅವನಿಗೂ ಅವನ ಜನರಿಗೂ ಗೋದಿ, ಹುರಿಗಾಳು, ಅವರೆ, ಜೇನುಗಳನ್ನು ತಂದು ಉಣಿಸಿದವರಲ್ಲಿ ಗಿಲ್ಯಾದಿನ ಬರ್ಜಿಲ್ಲೈಯು ಒಬ್ಬನು. ಯುದ್ಧವು ತೀರಿದ ಮೇಲೆ ಅರಸನು ಅವನನ್ನು ಯೆರೂಸಲೇಮಿಗೆ ಕರೆದೊಯ್ದು ಸಾಕಬೇಕೆಂದಿದ್ದನು. ಮುದುಕನು ಒಪ್ಪಲಿಲ್ಲ. ತನಗೆ ಎಂಭತ್ತು ವರುಷವಾಯಿತೆಂದೂ ಉಂಡದ್ದರ ರುಚಿಯೇ ತಿಳಿಯದೆಂದೂ ತಂದೆತಾಯಿಗಳ ಸಮಾಧಿಯಿರುವ ಊರಿನಲ್ಲಿಯೇ ಸಾಯಬೇಕೆಂದೂ ಬಿನ್ನವಿಸಿದನು. ಅರಸನು ಬಲವಂತಮಾಡದೆ ಅವನನ್ನು ಮುದ್ದಿಟ್ಟು ಆಶೀರ್ವದಿಸಿ ಕಳುಹಿಸಿದನು. ಅರಮನೆಯ ಊಟವನ್ನು ಬೇಡವೆಂದ ಇವನೇ ಹಸಿದವರಿಗೆ ಉಣಿಸಿದವನೆಂಬದನ್ನು ಮರೆಯಬೇಡಿರಿ.

ಈ ಭಾಗವನ್ನು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯ ನಮ್ಮ ಮನೆಗಳಲ್ಲಿ ಇಂಥದೇ ಪ್ರಶ್ನೆಯು ಈಗ ಬಂದಿರುತ್ತದೆ. ಮುಪ್ಪಿನ ಮರೆವು ಹಿಡಿದ ತಾಯಿಯು ಗಂಜಿಯನ್ನು ನುಂಗಲಾರದೆ ಬಾಯಿ ಮುಚ್ಚುವಳು. ಉಡುಪಿಗೋ ಮಣಿಪಾಲಕ್ಕೋ ಒಯ್ದಾಗ ವೈದ್ಯರು, ಮೂಗಿನಿಂದ ಹೊಟ್ಟೆಗೆ ಕೊಳವೆ ಇಡೋಣವೋ ಎಂದು ಕೇಳುವರು. ಬೊಂಬಾಯಿಯ ಮಗನು ಫೋನಿನಲ್ಲಿ ಇಡಿರಿ ಎನ್ನುವನು. ಬಳಿಯಲ್ಲಿರುವ ಸೊಸೆಯು ಮಾತಾಡಳು. ಅನ್ನ ಕೊಡದೆ ಕೊಂದರೆಂದು ಊರವರು ಆಡಿಕೊಂಡಾರೆಂಬ ಭಯವೇ ಅನೇಕ ಸಾರಿ ಈ ತೀರ್ಮಾನವನ್ನು ಮಾಡುವದು. ಅದು ದೇವಭಯವಲ್ಲ.

ಕೊಳವೆಯು ಔಷಧದ ಹಾಗೆ ಒಂದು ಚಿಕಿತ್ಸೆ. ಯಾರಿಗೆ, ಯಾತಕ್ಕೆ ಎಂದು ವಿಚಾರಿಸಿಯೇ ಅದನ್ನು ಇಡತಕ್ಕದ್ದು. ಪಾರ್ಶ್ವವಾಯು ಬಡಿದವನಿಗೆ ನುಂಗುವ ಶಕ್ತಿಯು ಕೆಲವು ವಾರಗಳಲ್ಲಿ ತಿರಿಗಿ ಬರುವದುಂಟು; ಅಷ್ಟರ ತನಕ ಕೊಳವೆಯು ಅವನಿಗೆ ಆಧಾರ. ಅಂಥವನಿಗೆ ಅದನ್ನು ತಪ್ಪಿಸುವದು ಪಾಪ. ಮರೆವಿನ ರೋಗದ ಕಡೇ ಹಂತದಲ್ಲಿಯಾದರೋ ಅದರಿಂದ ಆಯುಷ್ಯವು ಬೆಳೆಯುವದೆಂಬದಕ್ಕೆ ವೈದ್ಯರು ಆಧಾರ ಕಂಡಿಲ್ಲ. ಆಹಾರವು ಶ್ವಾಸಕೋಶಕ್ಕೆ ಇಳಿದು ಜ್ವರ ಬರುವದನ್ನೂ ಅದು ತಡೆಯದು. ರೋಗಿಯು ಕಿತ್ತುಹಾಕದಂತೆ ಕೈಗಳನ್ನು ಕಟ್ಟುವದೂ ಉಂಟು. ತಾಯಿಯ ಕೈಗಳನ್ನು ಮಂಚಕ್ಕೆ ಕಟ್ಟಿ, ಆಕೆಗೆ ಉಣಿಸಿದೆವೆಂದು ಹೇಳಬಹುದೋ? ಮರಣವು ಸಮೀಪಿಸಿದಾಗ ಶರೀರವು ತಾನಾಗಿಯೇ ಹಸಿವೆಯನ್ನು ಬಿಡುತ್ತದೆ. ಇದನ್ನು ಅರಿಯದ ಮಕ್ಕಳು ವೃಥಾ ತಮ್ಮನ್ನು ಕೊಲೆಗಾರರೆಂದು ಎಣಿಸಿ ಬಳಲುತ್ತಾರೆ.

ಬೇರೊಂದು ಬಗೆಯ ಪ್ರೀತಿಯೂ ಉಂಟು. ಬೈಂದೂರಿನಿಂದ ಬಡಗಲಾಗಿ ಭಟ್ಕಳ, ಹೊನ್ನಾವರಗಳನ್ನು ದಾಟಿದರೆ ಹಳದೀಪುರವೆಂಬ ಊರು ಸಿಕ್ಕುವದು. ಆ ಊರಿನ ಅರುಣಾ ಶಾನಭಾಗರು ಬೊಂಬಾಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬನು ಕೊರಳಿಗೆ ಸರಪಣಿ ಬಿಗಿದು ದೌರ್ಜನ್ಯ ಮಾಡಿದ್ದರಿಂದ ಅವರ ಮಿದುಳು ಕೆಟ್ಟಿತು. ನಾಲ್ವತ್ತೊಂದು ವರುಷಕ್ಕೂ ಮಿಕ್ಕಿ ಅಲ್ಲಿಯ ದಾದಿಯರು ಅರೆದ ಊಟವನ್ನು ಬಾಯಿಗೆ ಇಟ್ಟು, 2010ರಲ್ಲಿ ಜ್ವರ ಬಂದು ಊಟ ಕುಗ್ಗಿದ ಮೇಲೆ ಮೂಗಿನ ಕೊಳವೆಯಿಂದ ಉಣಿಸಿ, ಹಾಸಿಗೆಹುಣ್ಣು ಆಗದಂತೆ ಕಾದುಕೊಂಡರು. ಉಣಿಸುವದನ್ನು ನಿಲ್ಲಿಸಬೇಕೆಂದು ಪಿಂಕಿ ವಿರಾನಿಯವರು ಬೇಡಿದಾಗ ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು ದಾದಿಯರ ಮನಸ್ಸಿನಂತೆ ಅದನ್ನು ನಿರಾಕರಿಸಿತು. 2015ರ ಮೇ 18ರಂದು ಅರುಣಾರವರು ತೀರಿಹೋದರು. ಆ ದಾದಿಯರನ್ನು ತಪ್ಪೆನ್ನಲು ನನಗೆ ಬಾಯಿ ಬಾರದು. ಆದರೂ ಅವರು ಮಾಡಿದ್ದನ್ನು ಎಲ್ಲಾ ಮನೆಗಳಿಗೂ ಕಟ್ಟಳೆಯೆಂದು ಹೊರಿಸಲಾರೆನು. ಅರುಣಾರ ಮನಸ್ಸೇನೆಂದು ಅವರಿಂದಲೇ ಕೇಳುವ ದಾರಿ ಯಾರಿಗೂ ಇರಲಿಲ್ಲ. ನಮ್ಮ ತಾಯಿತಂದೆಗಳನ್ನಾದರೋ ಬುದ್ಧಿ ಸ್ವಸ್ಥವಿರುವಾಗಲೇ ಕೇಳಬಹುದು.

ಇದಕ್ಕೆ ಕಾನೂನಿನ ದಾರಿಯೂ ಆಗಿದೆ. 2018ರ ಮಾರ್ಚ್ 9ರಂದು ಅದೇ ಕೋರ್ಟು, ಗುಣವಾಗದ ರೋಗಿಯ ಜೀವವನ್ನು ಬರಿದೇ ಎಳೆಯುವ ಚಿಕಿತ್ಸೆಯನ್ನು ನಿಲ್ಲಿಸಬಹುದೆಂದೂ ಒಬ್ಬನು ತನ್ನ ಇಷ್ಟವನ್ನು ಮುಂದಾಗಿ ಬರೆದಿಡಬಹುದೆಂದೂ ಹೇಳಿತು. 2023ರಲ್ಲಿ ಕ್ರಮವನ್ನು ಸುಲಭಮಾಡಿ, ಇಬ್ಬರು ಸಾಕ್ಷಿಗಳ ಮುಂದೆ ಬರೆದು ನೋಟರಿಯಿಂದಲೋ ಗೆಜೆಟೆಡ್ ಅಧಿಕಾರಿಯಿಂದಲೋ ದೃಢೀಕರಿಸಿದರೆ ಸಾಕೆಂದಿತು. ಚಿಕಿತ್ಸೆ ನಿಲ್ಲಿಸುವ ಮುಂಚೆ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕ ಸರಕಾರವು 2025ರ ಜನವರಿಯಲ್ಲಿ ಇದರ ಆಜ್ಞೆಯನ್ನು ಹೊರಡಿಸಿತು. ಸೂಜಿ ಚುಚ್ಚಿ ಸಾಯಿಸುವದು ಮೊದಲಿನಂತೆಯೇ ನಿಷಿದ್ಧ.

ಒಂದು ಕಠಿನ ಮಾತನ್ನೂ ಹೇಳಬೇಕಾಗಿದೆ. ಕೈಯಲ್ಲಿ ಹಣವಿಲ್ಲದೆ ರೋಗಿಯನ್ನು ಮನೆಗೆ ತಂದ ಬಡವನನ್ನು ಯಾರೂ ದೂಷಿಸಬಾರದು. ಪಾಲುಪಟ್ಟಿಯ ಕಾಗದವನ್ನು ಕಂಕುಳಲ್ಲಿಟ್ಟುಕೊಂಡು ಕೊಳವೆ ಬೇಡವೆನ್ನುವವನ ಹೃದಯವನ್ನಾದರೋ ದೇವರು ಶೋಧಿಸುತ್ತಾನೆ.

ಕೊಳವೆ ಬೇಡವೆಂದ ಮನೆಯಲ್ಲಿ ಕೆಲಸವು ಹೆಚ್ಚುವದೇ ಹೊರತು ಕಡಿಮೆಯಾಗದು. ರೋಗಿಯನ್ನು ನೆಟ್ಟಗೆ ಕೂಡ್ರಿಸಿ, ಎಚ್ಚರವಿರುವಾಗ ಮಾತ್ರ, ಮೆತ್ತಗಿನ ಗಂಜಿಯನ್ನು ಚಿಕ್ಕ ಚಮಚದಲ್ಲಿ ಕೊಡಿರಿ. ಕೆಮ್ಮು ಬಂದರೆ ನಿಲ್ಲಿಸಿರಿ. ಬೇಡವೆಂದು ಮುಖ ತಿರುಗಿಸಿದರೆ ಬಾಯಿಗೆ ತುರುಕಬೇಡಿರಿ. ತುಟಿಗಳನ್ನು ಒದ್ದೆಯ ಅರಿವೆಯಿಂದ ಆಗಾಗ್ಗೆ ಒರಸಿರಿ. ಎರಡು ತಾಸಿಗೊಮ್ಮೆ ಮಗ್ಗುಲು ತಿರುಗಿಸಿರಿ. ನೋವಿಗೆ ಮದ್ದನ್ನು ವೈದ್ಯರಿಂದ ನಾಚದೆ ಕೇಳಿ ತೆಗೆದುಕೊಳ್ಳಿರಿ. ರಾತ್ರಿಯ ಕಾವಲಿಗೆ ಸಭೆಯವರು ಸರದಿಯಿಂದ ಬಂದು ಕೂತುಕೊಳ್ಳಲಿ. ಮೂರು ರಾತ್ರಿ ನಿದ್ದೆಗೆಟ್ಟ ಸೊಸೆಯು ಒಂದು ರಾತ್ರಿಯಾದರೂ ಮಲಗಲಿ.