ಗಡಿಯ ಕೆರೆಗೆ ಒಡೆಯ ಯಾರು?

ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಅಲ್ಲಿ ಕಟ್ಟಿಸಿದ ಕೆರೆಯ ಕಥೆ ಅದು. ದಿನಕ್ಕೆ ಸಾವಿರ ಆಳು, ಕಲ್ಲುಕೆಲಸಕ್ಕೆ ನೂರು ಬಂಡಿ, ಎರಡು ವರ್ಷದ ದುಡಿಮೆ. ಶಾಸನ ಅಷ್ಟಕ್ಕೇ ನಿಲ್ಲದೆ ಒಳ್ಳೆಯ ಕೆರೆಯ ಹನ್ನೆರಡು ಅಂಗಗಳನ್ನೂ ಕೆರೆಗೆ ತಟ್ಟುವ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ನೆಲ, ಅಂಗಳದ ನಡುವೆ ದಿಬ್ಬ: ಇವೆಲ್ಲ ಯಾವ ರೈತನಿಗೂ ತಿಳಿಯುವ ದೋಷಗಳೇ. ಅದೇ ಪಟ್ಟಿಯಲ್ಲಿ ಇನ್ನೊಂದಿದೆ: ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದು.

ಮಣ್ಣು ಒಳ್ಳೆಯದು, ಏರಿ ಗಟ್ಟಿ, ನೀರೂ ಬರುತ್ತದೆ. ಆದರೂ ಅದು ದೋಷ. ನನಗೆ ತೋರುವ ಕಾರಣ ಇಷ್ಟೆ. ಗಡಿಯ ಕೆರೆಯ ನೀರಿಗೆ ಒಡೆಯರು ಇಬ್ಬರು, ಬಿರುಕಿಗೆ ಒಡೆಯ ಒಬ್ಬನೂ ಇಲ್ಲ.

ಕಂಪ್ಯೂಟರ್ ಲೋಕದ ಒಂದು ಉಪಕರಣದ ಬಗ್ಗೆ ಓದುವಾಗ ಈ ಶಾಸನ ನೆನಪಾಯಿತು. ಅದರ ಹೆಸರು ಆಸ್ಪೆಕ್ಟ್‌ಜೆ. ಅಮೆರಿಕದ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಗ್ರೆಗರ್ ಕಿಚಾಲೆಸ್ ಮತ್ತು ಸಂಗಡಿಗರು ರೂಪಿಸಿದ್ದು. ಅದರ ಹಿಂದಿನ ವಿಚಾರವನ್ನು ಅವರು 1997ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಬ್ಯಾಂಕಿನ ತಂತ್ರಾಂಶವನ್ನು ನೆನೆಯಿರಿ. ಹಣ ಕಟ್ಟುವುದು, ತೆಗೆಯುವುದು, ಸಾಲ ಒಂದೊಂದೂ ಬೇರೆ ಬೇರೆ ಭಾಗ. ಆದರೆ ‘ಕೇಳುವವನಿಗೆ ಅಧಿಕಾರವಿದೆಯೇ ನೋಡು, ನಡೆದದ್ದನ್ನು ಬರೆದಿಡು’ ಎಂಬ ಮಾತು ಎಲ್ಲ ಭಾಗಗಳಿಗೂ ಬೇಕು. ನೂರು ಕಡೆ ಅದನ್ನೇ ಬರೆಯುವ ಬದಲು ಒಂದೇ ಕಡೆ ನಿಯಮವಾಗಿ ಬರೆದರೆ, ಉಪಕರಣ ಅದನ್ನು ನೂರು ಕಡೆಗೂ ಸೇರಿಸುತ್ತದೆ. ಹೀಗೆ ಸೇರಿಸುವುದನ್ನು ಅವರು ನೇಯ್ಗೆ ಎಂದೇ ಕರೆದರು. ಸೇರಿಸುವ ಭಾಗಕ್ಕೆ ‘ವೀವರ್’, ಅಂದರೆ ನೇಕಾರ ಎಂದೇ ಹೆಸರು.

ಇಂಥ ನೇಯ್ಗೆಯಲ್ಲಿ ತಪ್ಪಾದರೆ ಅದರ ರೀತಿ ವಿಚಿತ್ರ. ಬ್ಯಾಂಕಿನ ಲೆಕ್ಕ ಬರೆದವನು ತನ್ನ ಸಾಲುಗಳನ್ನು ನೋಡುತ್ತಾನೆ, ತಪ್ಪಿಲ್ಲ. ನಿಯಮ ಬರೆದವನು ತನ್ನದನ್ನು ನೋಡುತ್ತಾನೆ, ತಪ್ಪಿಲ್ಲ. ಎರಡೂ ಕೂಡುವ ಕಡೆ ಎಳೆ ತಪ್ಪಿದೆ. ತೊಂಬತ್ತೊಂಬತ್ತು ಕಡೆ ಸರಿಯಾಗಿ ಸೇರಿದ ಕಾವಲು ನೂರನೆಯ ಬಾಗಿಲಲ್ಲಿ ಇಲ್ಲ. ಇಬ್ಬರೂ ಪ್ರಾಮಾಣಿಕರು, ಆದರೂ ಬಾಗಿಲು ತೆರೆದೇ ಇದೆ. ಇದೇ ಗಡಿಯ ಕೆರೆ.

ಆ ತಪ್ಪಿದ ಎಳೆಯನ್ನು ಸರಿಪಡಿಸುವವನು ಎರಡು ಕಡೆಯವನೂ ಅಲ್ಲ, ಉಪಕರಣವನ್ನು ಕಾಯುವವನು. 2002ರ ಕೊನೆಗೆ ಆಸ್ಪೆಕ್ಟ್‌ಜೆ ಎಕ್ಲಿಪ್ಸ್ ಎಂಬ ಮುಕ್ತ ತಂತ್ರಾಂಶ ಬಳಗಕ್ಕೆ ಬಂತು. ಅಂದಿನಿಂದ ಕೆಲವೇ ಕೆಲವರು ಅದನ್ನು ಕಾಯುತ್ತ ಬಂದಿದ್ದಾರೆ. ಎಲ್ಲೋ ಇರುವ ಅಪರಿಚಿತ ‘ನನ್ನಲ್ಲಿ ಹೀಗಾಗುತ್ತಿದೆ’ ಎಂದು ಬರೆಯುತ್ತಾನೆ. ಕಾಯುವವನು ಮೊದಲು ಆ ತಪ್ಪನ್ನು ತನ್ನ ಯಂತ್ರದಲ್ಲಿ ಮತ್ತೆ ಹುಟ್ಟಿಸುತ್ತಾನೆ, ಕಾರಣ ಹುಡುಕಿ ತಿದ್ದುತ್ತಾನೆ, ಅದೇ ತಪ್ಪು ಮರುಕಳಿಸಿದರೆ ಕೂಗಿ ಹೇಳುವ ಒಂದು ಪರೀಕ್ಷೆಯನ್ನೂ ಬರೆದಿಡುತ್ತಾನೆ. ಕೊನೆಗೆ ಆವೃತ್ತಿಯ ಸಂಖ್ಯೆಯಲ್ಲಿ ಕೊನೆಯ ಅಂಕಿಯೊಂದು ಏರುತ್ತದೆ. ಹೊಸ ಸೊಬಗು, ಹೊಸ ಶಕ್ತಿ ಏನೂ ಇಲ್ಲ. ತಿದ್ದಿದ ತಪ್ಪುಗಳ ಪಟ್ಟಿ ಮಾತ್ರ.

ಯಾರೂ ತಪ್ಪು ಮಾಡದಿದ್ದರೂ ದುರಸ್ತಿ ತಪ್ಪದು. 2018ರಿಂದ ಜಾವಾ ಎಂಬ ಕಂಪ್ಯೂಟರ್ ಭಾಷೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಹೊರಡಿಸುತ್ತಿದೆ. ಅದರ ಮೇಲೆ ನಿಂತ ಆಸ್ಪೆಕ್ಟ್‌ಜೆ ಕೂಡ ಹೆಜ್ಜೆ ಹಾಕಲೇಬೇಕು. ಕೆರೆಗೆ ಹೂಳು ತುಂಬುವುದೂ ಯಾರ ಪಾಪದಿಂದಲೂ ಅಲ್ಲ, ಪ್ರತಿ ಮಳೆಯಿಂದ. ನಮ್ಮ ಹಿರಿಯರು ಇದನ್ನು ಬಲ್ಲವರು. ಕೆರೆ ಕಟ್ಟುವ, ಕಾಪಾಡುವ ಕೆಲಸಕ್ಕೆ ಕಟ್ಟುಗೊಡಗೆ, ದಶವಂದ ಎಂದು ಭೂಮಿ ಬಿಟ್ಟರು. ತೂಬು ಕಾಯಲು ನೀರುಗಂಟಿಯನ್ನು ಇಟ್ಟರು. ಕಟ್ಟಿಸಿದವನಿಗೆ ಶಾಸನ ಕೊಟ್ಟಂತೆ ಕಾಯುವವನಿಗೆ ಅನ್ನ ಕೊಟ್ಟರು.

ಆಂಧ್ರದ ಗಡಿಯ ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಕಡೆಯವರಾದ ನಮಗೆ ಗಡಿಯ ದೋಷವನ್ನು ಬೇರೆ ವಿವರಿಸಬೇಕಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ರಾಯದುರ್ಗ, ಆದೋನಿ, ಆಲೂರು ಬಳ್ಳಾರಿಯಿಂದ ಬೇರೆಯಾಗಿ ಅದರ ಪಾಲಾದವು. ಚಿತ್ರದುರ್ಗದಿಂದ ಬರುವ ವೇದಾವತಿ ಈ ಸೀಮೆ ಹಾದು ಹಗರಿಯಾಗಿ ಮತ್ತೆ ಬಳ್ಳಾರಿಯ ಕಡೆ ಹೋಗುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ನಮ್ಮ ಮಕ್ಕಳ ಕನ್ನಡ ಶಾಲೆಯ ಚಿಂತೆ ಆ ರಾಜ್ಯದ್ದೋ ಈ ರಾಜ್ಯದ್ದೋ ಎಂಬ ಮಾತು ಬಂದಾಗಲೆಲ್ಲ ಶಾಸನ ಹೇಳಿದ ದೋಷ ಕಣ್ಣೆದುರು ನಿಲ್ಲುತ್ತದೆ.

ಬದುಕಿನಲ್ಲೂ ಬಿರುಕು ಹೆಚ್ಚಾಗಿ ಕೂಡುವ ಕಡೆಯೇ ಬೀಳುತ್ತದೆ. ಅಣ್ಣತಮ್ಮಂದಿರ ಹೊಲಗಳ ನಡುವಿನ ಬದು, ಅತ್ತೆಸೊಸೆಯರ ನಡುವಿನ ಮಾತು, ಎರಡು ಇಲಾಖೆಗಳ ನಡುವೆ ಸಿಕ್ಕ ಮುದುಕಿಯ ಪಿಂಚಣಿ ಅರ್ಜಿ. ಅಲ್ಲೆಲ್ಲ ‘ನನ್ನದರಲ್ಲಿ ತಪ್ಪಿಲ್ಲ’ ಎಂಬ ಮಾತು ನಿಜವಾಗಿರಬಹುದು. ಆ ನಿಜದಿಂದ ನೀರು ಸೋರುವುದು ನಿಲ್ಲುವುದಿಲ್ಲ. ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ ಬಿರುಕಿಗೆ ಕೈ ಹಾಕುವವನೇ ನನ್ನ ಮಟ್ಟಿಗೆ ಧರ್ಮ ಬಲ್ಲವನು.

ನಿಮ್ಮ ಮತ್ತು ಇನ್ನೊಬ್ಬರ ನಡುವೆ ಇಂದು ಎಲ್ಲಿ ಜಿನುಗುತ್ತಿದೆ ನೋಡಿ. ಅವರು ಬರಲೆಂದು ಕಾಯಬೇಡಿ. ಮೊದಲ ಬುಟ್ಟಿ ಮಣ್ಣನ್ನು ನೀವೇ ಹಾಕಿ.